ರಾಜಹಂಸದ ಕೊಕ್ಕನ್ನು ಹೋಲಿಸಬೇಕಾದದ್ದು ಯಾವ ತಿಮಿಂಗಿಲದ ಬಾಯಿಗೆ?

ಪ್ರಶ್ನೆ: ಐರೋಲಿ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ನವಿ ಮುಂಬಯಿಯ ಐರೋಲಿಯಲ್ಲಿ ನೆಲೆಸಿದ್ದೇನೆ. ನಮ್ಮ ಮನೆಯಿಂದ ಠಾಣೆ ಖಾಡಿ, ಅಂದರೆ ಕಡಲು ಒಳಚಾಚಿದ ಹಿನ್ನೀರು, ದೂರವಿಲ್ಲ. ಚಳಿಗಾಲದಿಂದ ಹಿಡಿದು ಮಳೆ ಬೀಳುವವರೆಗೂ ಅಲ್ಲಿನ ಕೆಸರಿನಲ್ಲಿ ರಾಜಹಂಸಗಳು ಸಾವಿರಗಟ್ಟಲೆ ಸೇರುತ್ತವೆ. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಖಾಡಿಯ ಒಂದು ಭಾಗವನ್ನು ಅವುಗಳ ಅಭಯಾರಣ್ಯವೆಂದು ಘೋಷಿಸಿತು. ಹೆಚ್ಚಿನವು ಗಾಢ ಕೆಂಪು ಕೊಕ್ಕಿನ ಕಿರು ರಾಜಹಂಸಗಳು, ನಡುನಡುವೆ ಎತ್ತರದ ಹಿರಿ ರಾಜಹಂಸಗಳೂ ಇರುತ್ತವೆ.

ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಒಂದು ದೊಡ್ಡ ಚಿತ್ರಪಟ ಸಿದ್ಧಪಡಿಸುತ್ತಿದ್ದಾಳೆ. ಒಂದು ಬದಿಗೆ ರಾಜಹಂಸದ ತಲೆ, ಇನ್ನೊಂದು ಬದಿಗೆ ನೀಲಿ ತಿಮಿಂಗಿಲದ ತಲೆ, ಮೇಲೆ "ಇಬ್ಬರದೂ ಒಂದೇ ಜರಡಿ" ಎಂಬ ತಲೆಬರಹ. ಎರಡೂ ನೀರನ್ನು ಸೋಸಿ ತಿನ್ನುವ ಪ್ರಾಣಿಗಳು ಎಂಬ ಮಾತು ಮಕ್ಕಳ ವಿಶ್ವಕೋಶಗಳಲ್ಲಿಯೂ ಸಿಗುತ್ತದೆ, ಆದ್ದರಿಂದ ಅವಳ ಆಯ್ಕೆಗೆ ಆಧಾರವಿಲ್ಲ ಎನ್ನಲಾಗದು. ಆದರೆ ಖಾಡಿಯ ದಂಡೆಯಲ್ಲಿ ನಿಂತು ದುರ್ಬೀನಿನಲ್ಲಿ ನೋಡಿದಾಗ ಹಕ್ಕಿ ಮಾಡುವ ಕೆಲಸಕ್ಕೂ ಸಾಕ್ಷ್ಯಚಿತ್ರಗಳಲ್ಲಿ ನೀಲಿ ತಿಮಿಂಗಿಲ ಬಾಯ್ದೆರೆದು ನುಗ್ಗುವ ರೀತಿಗೂ ಸಂಬಂಧವೇ ಕಾಣುವುದಿಲ್ಲ. ಹಕ್ಕಿ ತಲೆಕೆಳಗು ಮಾಡಿ, ಕೊಕ್ಕನ್ನು ನೀರಿನಲ್ಲಿ ಅದ್ದಿ, ನಿಧಾನವಾಗಿ ಅತ್ತಿಂದಿತ್ತ ಆಡಿಸುತ್ತಾ ಮುಂದಡಿ ಇಡುತ್ತದೆ. ತಿಮಿಂಗಿಲದ ಬಾಯಿಯಲ್ಲಾದರೋ ಒಂದೇ ಸಲಕ್ಕೆ ಕೆರೆಯಷ್ಟು ನೀರು ತುಂಬುತ್ತದೆ.

ಈ ಹೋಲಿಕೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕು. ಪಟದಲ್ಲಿ ಯಾವ ಭಾಗದ ಎದುರಿಗೆ ಯಾವ ಭಾಗವನ್ನು ಬರೆದರೆ ಸರಿಯಾದೀತು ಎಂಬುದೂ ತಿಳಿದರೆ ಉಪಕಾರವಾಗುತ್ತದೆ.

ಉತ್ತರ: ಕಡಲತಡಿ, ಕಾರವಾರ

ನಿಮ್ಮ ಮಗಳ ಹೋಲಿಕೆ ನಿಲ್ಲುತ್ತದೆ. ಅವಳು ಆರಿಸಿಕೊಂಡ ತಿಮಿಂಗಿಲ ಮಾತ್ರ ಬದಲಾಗಬೇಕು. ಪ್ರಾಣಿಶಾಸ್ತ್ರ ಪಾಠ ಮಾಡುವವಳಾಗಿ ನಾನು ಈ ಜೋಡಿಯನ್ನು ತರಗತಿಯಲ್ಲಿ ಬಹಳ ಸಲ ಬಳಸಿದ್ದೇನೆ, ಮತ್ತು ವಿದ್ಯಾರ್ಥಿಗಳು ಪ್ರತಿ ಸಲವೂ ನೀಲಿ ತಿಮಿಂಗಿಲವನ್ನೇ ಮೊದಲು ಹೆಸರಿಸುತ್ತಾರೆ. ಅದು ಎಲ್ಲಕ್ಕಿಂತ ದೊಡ್ಡದು, ಎಲ್ಲರಿಗೂ ಪರಿಚಿತ. ಆದರೆ ಹಲ್ಲಿಲ್ಲದ, ಬಾಯಿಯಲ್ಲಿ ನೀರು ಸೋಸುವ ಬಲೀನ್ ಎಂಬ ಜರಡಿ ಫಲಕಗಳನ್ನು ಹೊತ್ತ ತಿಮಿಂಗಿಲಗಳು ಎಲ್ಲವೂ ಒಂದೇ ರೀತಿ ಉಣ್ಣುವುದಿಲ್ಲ. ಅವುಗಳಲ್ಲಿ ಮೂರು ಬೇರೆ ಬೇರೆ ಕ್ರಮಗಳಿವೆ, ಮತ್ತು ರಾಜಹಂಸಕ್ಕೆ ತೀರ ದೂರವಾದದ್ದೇ ನೀಲಿ ತಿಮಿಂಗಿಲದ ಕ್ರಮ.

ಮೊದಲು ಹಕ್ಕಿಯ ಕೊಕ್ಕನ್ನು ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಹಕ್ಕಿಗಳಲ್ಲಿ ಮೇಲಿನ ಕೊಕ್ಕು ದಪ್ಪವಾಗಿಯೂ ಕೆಳಗಿನದು ಅದಕ್ಕೆ ಹೊಂದಿಕೊಂಡ ತೆಳು ಭಾಗವಾಗಿಯೂ ಇರುತ್ತದೆ. ರಾಜಹಂಸದಲ್ಲಿ ಇದು ತಿರುವುಮುರುವು. ಕೆಳಗಿನ ಕೊಕ್ಕು ಆಳವಾದ ದೋಣಿಯಂತಿದ್ದು, ಮೇಲಿನದು ಅದರ ಮೇಲೆ ಕೂರುವ ಸಪೂರ ಮುಚ್ಚಳವಾಗಿದೆ. ದೋಣಿಯ ತುಂಬ ದಪ್ಪನೆಯ, ಮಾಂಸಲವಾದ ನಾಲಗೆ. ನಾಲಗೆಯ ಮೇಲೆ ಹಿಂದಕ್ಕೆ ಬಾಗಿದ ಮುಳ್ಳುಗಳು. ಕೊಕ್ಕಿನ ಒಳಅಂಚುಗಳ ಉದ್ದಕ್ಕೂ ಕೊಂಬಿನಂಥ ವಸ್ತುವಿನಿಂದಾದ ತೆಳು ಪದರಗಳ ಸಾಲುಗಳಿವೆ. ಈ ವಸ್ತು ಕೆರಟಿನ್. ನಮ್ಮ ಉಗುರು, ಕೂದಲುಗಳೂ ಅದರಿಂದಲೇ ಆದವು, ತಿಮಿಂಗಿಲದ ಬಲೀನ್ ಫಲಕಗಳೂ ಅದರಿಂದಲೇ ಆದವು.

ಕೊಕ್ಕು ನಡುವಿನಲ್ಲಿ ಬಾಗಿರುವುದಕ್ಕೂ ಒಂದು ಕಾರಣವಿದೆ. ನೇರವಾದ ಕೊಕ್ಕನ್ನು ತುಸುವೇ ತೆರೆದರೆ ಬುಡದಲ್ಲಿ ಸಂದು ಇಲ್ಲವೆನ್ನುವಷ್ಟು ಕಿರಿದಾಗಿ, ತುದಿಯಲ್ಲಿ ಅಗಲವಾಗಿ ಇರುತ್ತದೆ, ಅಂದರೆ ಜರಡಿಯ ಕಣ್ಣು ಒಂದೊಂದು ಕಡೆ ಒಂದೊಂದು ಅಳತೆಯದಾಗುತ್ತದೆ. ಬಾಗಿದ ಕೊಕ್ಕನ್ನು ಅಷ್ಟೇ ತೆರೆದಾಗ ಸಂದು ಉದ್ದಕ್ಕೂ ಹೆಚ್ಚುಕಡಿಮೆ ಸಮವಾಗಿ ಉಳಿಯುತ್ತದೆ. ಹೀಗಾಗಿ ಬೇಡವಾದ ದೊಡ್ಡ ವಸ್ತುಗಳು ಎಲ್ಲಿಂದಲೂ ಒಳನುಗ್ಗಲಾರವು. ಈ ಪಟದಲ್ಲಿ ಬೇರೇನನ್ನು ಬಿಟ್ಟರೂ ಈ ಬಾಗನ್ನು ಬಿಡಬಾರದು ಎಂಬುದು ನನ್ನ ಒತ್ತಾಯ.

ಇನ್ನು ಕಿರು ರಾಜಹಂಸ. ಅದರ ಮುಖ್ಯ ಆಹಾರ ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣದಾದ ನೀಲಿ-ಹಸಿರು ಪಾಚಿ. ಪೂರ್ವ ಆಫ್ರಿಕದ ನಕುರು, ಬೊಗೊರಿಯಾ ಮುಂತಾದ ಕ್ಷಾರ ಸರೋವರಗಳಲ್ಲಿ ಅದು ನಾವು ಸ್ಪಿರುಲಿನಾ ಎಂದು ಮಾತ್ರೆಯ ರೂಪದಲ್ಲಿ ಕೊಳ್ಳುವ ಗುಂಪಿನ ಜೀವಿಯನ್ನೇ ತಿಂದು ಬದುಕುತ್ತದೆ. ನೀರಿನ ಮೇಲ್ಪದರದಲ್ಲಿ ಕೊಕ್ಕನ್ನಿಟ್ಟು, ನಡೆಯುತ್ತಲೋ ಈಜುತ್ತಲೋ ಬಿಡುವಿಲ್ಲದೆ ಸೋಸುತ್ತದೆ. ಇದಕ್ಕೆ ಸರಿಸಾಟಿಯಾಗಿ ನಿಲ್ಲುವುದು ಉತ್ತರ ಧ್ರುವದ ಕಡಲಿನ ಬೋಹೆಡ್ ತಿಮಿಂಗಿಲ ಮತ್ತು ಅದರ ಬಳಗದ ರೈಟ್ ತಿಮಿಂಗಿಲಗಳು. ಅವೂ ಬಾಯಿ ತೆರೆದುಕೊಂಡು ನಿಧಾನವಾಗಿ, ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ ವೇಗದಲ್ಲಿ ಈಜುತ್ತಾ, ಕೆಲವೇ ಮಿಲಿಮೀಟರ್ ಉದ್ದದ ಕೋಪೆಪಾಡ್ ಎಂಬ ಜೀವಿಗಳನ್ನು ಎಡೆಬಿಡದೆ ಸೋಸುತ್ತವೆ. ಬೋಹೆಡ್‌ನ ಬಲೀನ್ ಫಲಕಗಳು ಸುಮಾರು 4 ಮೀಟರ್ ಉದ್ದದವರೆಗೂ ಬೆಳೆಯುತ್ತವೆ. ಅವುಗಳ ಒಳ ಅಂಚಿನ ಎಳೆಗಳು ತಿಮಿಂಗಿಲಗಳಲ್ಲೆಲ್ಲ ಅತಿ ನವಿರಾದವುಗಳ ಸಾಲಿಗೆ ಸೇರುತ್ತವೆ. ಅಷ್ಟು ಉದ್ದದ ಫಲಕಗಳನ್ನು ಹಿಡಿಸಲು ಅದರ ಮೇಲ್ದವಡೆ ಬಿಲ್ಲಿನಂತೆ ಬಾಗಿ ಸಪೂರವಾಗಿದೆ. ಕೆಳದವಡೆ ಭಾರಿಯಾಗಿ, ಎತ್ತರದ ದಪ್ಪ ತುಟಿಗಳಿಂದ ಆ ಫಲಕಗಳನ್ನು ಮುಚ್ಚಿಕೊಳ್ಳುತ್ತದೆ. ಒಳಗೆ ದೊಡ್ಡ, ಮಾಂಸಲವಾದ ನಾಲಗೆ. ತೆಳುವಾದ ಬಾಗಿದ ಮೇಲ್ದವಡೆ, ಆಳವಾದ ಕೆಳದವಡೆ, ದಪ್ಪ ನಾಲಗೆ, ಕೆರಟಿನ್ ಜರಡಿ ಎಂಬ ನಾಲ್ಕೂ ಲಕ್ಷಣಗಳು ಎರಡು ಕೆ.ಜಿ. ತೂಗುವ ಹಕ್ಕಿಯಲ್ಲಿಯೂ ಹತ್ತಾರು ಟನ್ ತೂಗುವ ಸಸ್ತನಿಯಲ್ಲಿಯೂ ಒಟ್ಟಿಗೆ ಬಂದಿವೆ. ನನಗೆ ಇದು ಜೀವಜಗತ್ತಿನ ಅತ್ಯಂತ ಬೆರಗಿನ ಸಾಮ್ಯಗಳಲ್ಲೊಂದು.

ಹಿರಿ ರಾಜಹಂಸಕ್ಕೆ ಜೋಡಿ ಬೇರೆ. ಅದರ ಜರಡಿ ಒರಟು. ಉಪ್ಪುನೀರಿನ ಸಣ್ಣ ಸೀಗಡಿಗಳು, ನೊಣಜಾತಿಯ ಕೀಟಗಳ ಮರಿಹುಳುಗಳು, ಪುಟ್ಟ ಚಿಪ್ಪಿನ ಜೀವಿಗಳು ಅದರ ಆಹಾರ. ಇವು ಹೆಚ್ಚಾಗಿ ತಳದ ಕೆಸರಿನಲ್ಲಿರುವುದರಿಂದ ಹಕ್ಕಿ ಒಂದೇ ಕಡೆ ನಿಂತು ಕಾಲಿನಿಂದ ಕೆಸರನ್ನು ತುಳಿಯುತ್ತಾ, ಕೊಕ್ಕನ್ನು ನಡುವಿಟ್ಟುಕೊಂಡು ಸುತ್ತು ಬರುತ್ತದೆ. ನೀರು ಇಳಿದ ಮೇಲೆ ಅಲ್ಲಿ ಬಳೆಯಾಕಾರದ ಗುರುತುಗಳು ಉಳಿದಿರುತ್ತವೆ. ಖಾಡಿಯಲ್ಲಿ ಇಳಿತದ ಹೊತ್ತಿಗೆ ದುರ್ಬೀನಿನಿಂದ ಹುಡುಕಿದರೆ ನಿಮಗೂ ಕಾಣಬಹುದು. ಬಾಗಲಕೋಟೆಯ ಕಡೆ ಆಲಮಟ್ಟಿಯ ಹಿನ್ನೀರಿಗೆ ಬರುವ ರಾಜಹಂಸಗಳನ್ನು ನೋಡಿದವರು ಈ ಸುತ್ತುವ ನಡಿಗೆಯನ್ನು ಗಮನಿಸಿಯೇ ಇರುತ್ತಾರೆ. ಇದರ ಜೊತೆಗೆ ಬೂದು ತಿಮಿಂಗಿಲವನ್ನಿಡಿ. ಉತ್ತರ ಪೆಸಿಫಿಕ್ ಸಾಗರದ ಈ ತಿಮಿಂಗಿಲ ಬೇರಿಂಗ್ ಸಮುದ್ರದ ಆಳವಿಲ್ಲದ ತಳಕ್ಕಿಳಿದು, ಮಗ್ಗುಲಾಗಿ ಮಲಗಿ, ಬಾಯಿಯ ಒಂದು ಬದಿಯಿಂದ ಕೆಸರನ್ನು ಹೀರಿ, ಅದರೊಳಗಿನ ಆಂಫಿಪಾಡ್ ಎಂಬ ಪುಟ್ಟ ಜೀವಿಗಳನ್ನು ಉಳಿಸಿಕೊಂಡು ಕೆಸರುನೀರನ್ನು ಹೊರಗೆ ತಳ್ಳುತ್ತದೆ. ಕಡಲತಳದಲ್ಲಿ ಅದರಿಂದ ಹೊಂಡಗಳಾಗುತ್ತವೆ. ಹೆಚ್ಚಿನ ಬೂದು ತಿಮಿಂಗಿಲಗಳು ಬಲಮಗ್ಗುಲಿಗೆ ಹೊರಳುವುದರಿಂದ ಆ ಬದಿಯ ಬಲೀನ್ ಎಡಬದಿಯದಕ್ಕಿಂತ ಹೆಚ್ಚು ಸವೆದಿರುತ್ತದೆ.

ಹಾಗಾದರೆ ನೀಲಿ ತಿಮಿಂಗಿಲದಂತೆ ಉಣ್ಣುವ ರಾಜಹಂಸ ಯಾವುದು? ಅಂಥದೊಂದಿಲ್ಲ. ಜಗತ್ತಿನಲ್ಲಿರುವ ಆರು ಜಾತಿಯ ರಾಜಹಂಸಗಳಲ್ಲಿ ಯಾವುದೂ ಆಹಾರದ ದಟ್ಟಣೆಯತ್ತ ನುಗ್ಗಿ ಒಂದೇ ಸಲಕ್ಕೆ ಬಾಯಿ ತುಂಬಿಕೊಳ್ಳುವುದಿಲ್ಲ. ಹಕ್ಕಿಗಳಲ್ಲಿ ಆ ಕ್ರಮಕ್ಕೆ ಹತ್ತಿರ ಬರುವುದು ಹೆಜ್ಜಾರ್ಲೆ. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ನೀವು ಅದನ್ನು ನೋಡಿರಬಹುದು. ಅದೂ ಗಂಟಲಚೀಲವನ್ನು ಹಿಗ್ಗಿಸಿ ಮೀನಿನೊಡನೆ ನೀರನ್ನೂ ಬಾಚಿಕೊಂಡು, ಆಮೇಲೆ ನೀರನ್ನು ಬಸಿದುಬಿಡುತ್ತದೆ. ಆದರೆ ಅದರಲ್ಲಿ ಜರಡಿಯೇ ಇಲ್ಲ.

ಉತ್ತರ: ನೀರಿನ ಲೆಕ್ಕ

ಕಾರವಾರದ ಮೇಡಂ ಅವರು ಅಂಗರಚನೆಯ ಬಗ್ಗೆ ಬರೆದದ್ದನ್ನು ಒಪ್ಪುತ್ತೇನೆ. ಆದರೆ ಬೋಹೆಡ್ ಮತ್ತು ಕಿರು ರಾಜಹಂಸದ ಸಾಮ್ಯಕ್ಕೆ ಒಂದು ಮಿತಿಯಿದೆ, ಅದನ್ನು ಪಟದಲ್ಲಿ ತೋರಿಸದಿದ್ದರೆ ಮಕ್ಕಳಿಗೆ ಅರ್ಧ ಸತ್ಯವಷ್ಟೇ ಹೇಳಿದಂತಾಗುತ್ತದೆ. ಜರಡಿ ಯಾವುದರಿಂದಾಗಿದೆ ಎಂಬುದಕ್ಕಿಂತ, ಜರಡಿಯ ಮೂಲಕ ನೀರನ್ನು ಹಾಯಿಸುವವರು ಯಾರು ಎಂಬ ಪ್ರಶ್ನೆ ನನಗೆ ಮುಖ್ಯವಾಗಿ ಕಾಣುತ್ತದೆ.

ಬೋಹೆಡ್‌ನಲ್ಲಿ ನೀರನ್ನು ಎಳೆಯುವ ಪಂಪು ಇಲ್ಲ. ಅದರ ಬಾಲವೇ ಆ ಕೆಲಸವನ್ನು ಮಾಡುತ್ತದೆ. ಇಡೀ ದೇಹ ಮುಂದೆ ಸಾಗುವುದರಿಂದ ನೀರು ಬಾಯಿಯ ಮುಂಭಾಗದ ತೆರಪಿನಿಂದ ತಾನಾಗಿ ಒಳನುಗ್ಗಿ, ಎರಡು ಬದಿಯ ಫಲಕಗಳ ನಡುವೆ ಹಾದು, ಬಾಯಿಯ ಹಿಂಭಾಗದ ಪಕ್ಕಗಳಿಂದ ಹೊರಬೀಳುತ್ತದೆ. ನೀರಿನ ಹರಿವು ಸದಾ ಒಂದೇ ದಿಕ್ಕಿಗೆ. ರಾಜಹಂಸದಲ್ಲಿ ಹಾಗಲ್ಲ. ಅದರ ದೇಹ ನಿಂತಿರಬಹುದು, ನಡೆಯುತ್ತಿರಬಹುದು. ನೀರನ್ನು ಎಳೆಯುವುದು ನಾಲಗೆ. ನಾಲಗೆ ಹಿಂದಕ್ಕೆ ಸರಿದಾಗ ನೀರು ಒಳಗೆ, ಮುಂದಕ್ಕೆ ಬಂದಾಗ ನೀರು ಹೊರಗೆ, ಅಂದರೆ ಬಂದ ದಾರಿಯಲ್ಲೇ ವಾಪಸು. ಬ್ರಿಟಿಷ್ ಪ್ರಾಣಿವಿಜ್ಞಾನಿ ಪೆನಲೊಪಿ ಜೆಂಕಿನ್ ಅವರು 1957ರಲ್ಲಿ ಪ್ರಕಟಿಸಿದ ದೀರ್ಘ ಅಧ್ಯಯನ ಈ ಪಂಪಿನ ಕೆಲಸವನ್ನು ವಿವರವಾಗಿ ತಿಳಿಸಿಕೊಟ್ಟಿತು. ಹಿರಿ ರಾಜಹಂಸದ ನಾಲಗೆ ಸೆಕೆಂಡಿಗೆ ನಾಲ್ಕೈದು ಸಲ ಹಿಂದೆ ಮುಂದೆ ಆಡಿದರೆ ಕಿರು ರಾಜಹಂಸದ್ದು ಸೆಕೆಂಡಿಗೆ ಸುಮಾರು 20 ಸಲದವರೆಗೂ ಆಡುತ್ತದೆ.

ಈ ಇಮ್ಮುಖ ಹರಿವಿಗೆ ಒಂದು ತೊಡಕಿದೆ. ಒಳಬರುವಾಗ ಪಾಚಿಯ ಕಣಗಳು ಜರಡಿಯನ್ನು ದಾಟಿಯೇ ಬಾಯಿಯೊಳಗೆ ಬರಬೇಕು. ಹೊರಹೋಗುವಾಗ ಅದೇ ಜರಡಿ ಅವನ್ನು ತಡೆದು ಹಿಡಿಯಬೇಕು. ಕಿರು ರಾಜಹಂಸದ ಕೊಕ್ಕು ಇದನ್ನು ನಿಭಾಯಿಸುವ ರೀತಿ ಸೊಗಸಾಗಿದೆ. ಹೊರ ಅಂಚಿನ ಒರಟು ಪದರಗಳು ದೊಡ್ಡ ವಸ್ತುಗಳನ್ನು ಬಾಗಿಲಲ್ಲೇ ತಡೆಯುತ್ತವೆ. ಒಳಗಿನ ನವಿರು ಪದರಗಳು ನೀರು ಒಳಬರುವಾಗ ಮಲಗಿ ದಾರಿ ಬಿಡುತ್ತವೆ, ನೀರು ಹೊರಡುವಾಗ ಎದ್ದು ನಿಂತು ಕಣಗಳನ್ನು ಹಿಡಿಯುತ್ತವೆ. ನಾಲಗೆಯ ಮುಳ್ಳುಗಳು ಹಿಡಿದದ್ದನ್ನು ಗಂಟಲಿನತ್ತ ಸಾಗಿಸುತ್ತವೆ. ಇಷ್ಟೂ ಕೆಲಸ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ಮುಗಿಯಬೇಕು.

ಬೋಹೆಡ್‌ಗೆ ಇರುವ ತೊಡಕು ಬೇರೆ ಬಗೆಯದು. ಚಹಾ ಸೋಸುವಾಗ ಪುಡಿಯೆಲ್ಲ ಜರಡಿಯ ಕಣ್ಣಿನಲ್ಲಿ ಕುಳಿತು, ಸ್ವಲ್ಪ ಹೊತ್ತಿಗೆ ಚಹಾ ಕೆಳಗಿಳಿಯದೆ ನಿಂತುಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಗಂಟೆಗಟ್ಟಲೆ ಸೋಸುವ ಪ್ರಾಣಿಗೆ ಹಾಗಾದರೆ ಉಳಿಗಾಲವಿಲ್ಲ. ಬಲೀನ್ ತುಣುಕುಗಳನ್ನು ನೀರಿನ ಹರಿವಿನಲ್ಲಿಟ್ಟು ನಡೆಸಿದ ಪ್ರಯೋಗಗಳು ಒಂದು ಉತ್ತರವನ್ನು ಸೂಚಿಸುತ್ತವೆ. ಬೋಹೆಡ್‌ನ ಬಾಯಿಯಲ್ಲಿ ಮುಖ್ಯ ಹರಿವು ಜರಡಿಗೆ ನೇರವಾಗಿ ಅಪ್ಪಳಿಸದೆ ಅದರ ಪಕ್ಕದಲ್ಲೇ ಉದ್ದಕ್ಕೂ ಸಾಗುತ್ತದೆ. ನೀರು ಬದಿಗಳಿಂದ ಸೋರಿಹೋಗುತ್ತಿರುವಂತೆ, ಒಳಗುಳಿದ ನೀರಿನಲ್ಲಿ ಆಹಾರ ದಟ್ಟವಾಗುತ್ತಾ ಗಂಟಲಿನ ಕಡೆಗೆ ಸಾಗುತ್ತದೆ. ಹೈನು ಉದ್ಯಮದಲ್ಲಿ ಹಾಲನ್ನು ಸೂಕ್ಷ್ಮವಾಗಿ ಸೋಸುವ ಯಂತ್ರಗಳು ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ.

ನೀಲಿ ತಿಮಿಂಗಿಲ ಈ ಎರಡಕ್ಕೂ ಸೇರದು. ಅದು ವೇಗವಾಗಿ ನುಗ್ಗಿ ಬಾಯಿಯನ್ನು ಲಂಬಕೋನದ ಹತ್ತಿರಕ್ಕೆ ತೆರೆದಾಗ ನೀರಿನ ಒತ್ತಡದಿಂದಲೇ ಗಂಟಲಿನ ಮಡಿಕೆಗಳು ಬಿಚ್ಚಿಕೊಂಡು ಹಿಗ್ಗುತ್ತವೆ. ಅದರ ನಾಲಗೆ ಮೆತ್ತಗಾಗಿ ತಿರುಚಿಕೊಂಡು ಆ ಚೀಲದ ಗೋಡೆಯ ಭಾಗವೇ ಆಗಿಬಿಡುತ್ತದೆ. ಆಮೇಲೆ ಬಾಯಿ ಮುಚ್ಚಿ, ಚೀಲವನ್ನು ಬಿಗಿಹಿಡಿದು, ನೀರನ್ನು ಫಲಕಗಳ ಮೂಲಕ ಹೊರಗೆ ತಳ್ಳಲು ಸುಮಾರು ಒಂದು ನಿಮಿಷವಾದರೂ ಬೇಕಾಗುತ್ತದೆ. ಈ ಕ್ರಮಕ್ಕೆ ಭಾರಿ ದೇಹದ ಓಟದ ಬಲ ಬೇಕು. ಉದ್ದನೆಯ ಸಪೂರ ಕತ್ತಿನ ತುದಿಯಲ್ಲಿ ತಲೆಯನ್ನು ಹೊತ್ತ ಹಕ್ಕಿ ಒಮ್ಮೆಗೇ ಹೆಚ್ಚು ನೀರನ್ನು ಹಿಡಿಯಲಾರದು. ಆದ್ದರಿಂದ ಅದು ಚಿಟಿಕೆಯಷ್ಟು ನೀರನ್ನು ಅಸಂಖ್ಯ ಸಲ ಸೋಸುತ್ತದೆ, ನೀಲಿ ತಿಮಿಂಗಿಲ ಹತ್ತಾರು ಟನ್ ನೀರನ್ನು ದಿನಕ್ಕೆ ಕೆಲವು ನೂರು ಸಲ ಸೋಸುತ್ತದೆ.

ಇನ್ನೊಂದು ಹೊಸ ಸಂಗತಿಯನ್ನು ಸೇರಿಸಬೇಕು. ರಾಜಹಂಸ ಶಾಂತವಾಗಿ ಸೋಸುವ ಹಕ್ಕಿ ಎಂಬ ಚಿತ್ರ 2025ರಲ್ಲಿ ಬಹಳಷ್ಟು ಬದಲಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕಲಿ ಕೇಂದ್ರದ ವಿಜ್ಞಾನಿಗಳ ತಂಡ ಅಮೆರಿಕದ ನ್ಯಾಶ್‌ವಿಲ್ ಮೃಗಾಲಯದ ಚಿಲಿ ರಾಜಹಂಸಗಳನ್ನು ಅತಿವೇಗದ ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿ, ಕೊಕ್ಕಿನ ಮತ್ತು ಪಾದದ ಮಾದರಿಗಳನ್ನು ಮಾಡಿ ನೀರಿನಲ್ಲಿ ಪರೀಕ್ಷಿಸಿತು. ಜಾಲಪಾದಗಳು ತುಳಿದಾಗ ತಳದ ಕೆಸರಿನಿಂದ ಸುಳಿಗಳೇಳುತ್ತವೆ. ಹಕ್ಕಿ ತಲೆಯನ್ನು ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ವೇಗದಲ್ಲಿ ಮೇಲಕ್ಕೆ ಸೆಳೆದಾಗ ತಳದಿಂದ ಮೇಲೇಳುವ ಪುಟ್ಟ ಸುಂಟರಸುಳಿ ಹುಟ್ಟಿ ಆಹಾರವನ್ನು ಎತ್ತಿ ತರುತ್ತದೆ. ಕೊಕ್ಕಿನ ತುದಿ ಸೆಕೆಂಡಿಗೆ 12ರಷ್ಟು ಸಲ ಪಟಪಟನೆ ಬಡಿದುಕೊಳ್ಳುವುದರಿಂದಲೂ ಸುಳಿಗಳುಂಟಾಗಿ, ಈಜಿ ತಪ್ಪಿಸಿಕೊಳ್ಳಬಲ್ಲ ಸೀಗಡಿಗಳೂ ಬಾಯಿಯತ್ತ ಸೆಳೆಯಲ್ಪಡುತ್ತವೆ. ಅಂದರೆ ಈ ಹಕ್ಕಿ ಸಿಕ್ಕಿದ ನೀರನ್ನು ಸುಮ್ಮನೆ ಸೋಸುವುದಿಲ್ಲ, ತಾನು ಸೋಸಬೇಕಾದ ನೀರಿನಲ್ಲಿ ಆಹಾರವನ್ನು ಮೊದಲು ಒಟ್ಟುಮಾಡುತ್ತದೆ. ಈ ಒಂದು ವಿಷಯದಲ್ಲಿ ಅದಕ್ಕೆ ಹತ್ತಿರದ್ದು ಹಂಪ್‌ಬ್ಯಾಕ್ ತಿಮಿಂಗಿಲ: ಅದು ಉಸಿರುಗುಳ್ಳೆಗಳ ಬಲೆಯನ್ನು ಸುತ್ತಲೂ ಬಿಟ್ಟು ಮೀನುಗಳನ್ನೂ ಕ್ರಿಲ್ ಎಂಬ ಸೀಗಡಿಯಂಥ ಪುಟ್ಟ ಜೀವಿಗಳನ್ನೂ ಒತ್ತಟ್ಟಿಗೆ ತಂದು ಆಮೇಲೆ ಬಾಯಿ ತೆರೆಯುತ್ತದೆ.

ಉತ್ತರ: ಗುಳುಮುಳುಕ

ಇಬ್ಬರ ಬರಹಗಳನ್ನೂ ಆಸಕ್ತಿಯಿಂದ ಓದಿದೆ. ವಂಶದ ಮಾತು ಇನ್ನೂ ಬಂದಿಲ್ಲವಾದ್ದರಿಂದ ಅದನ್ನು ಚಿಕ್ಕದಾಗಿ ಸೇರಿಸುತ್ತೇನೆ. ಹಕ್ಕಿಗಳ ಮತ್ತು ಸಸ್ತನಿಗಳ ವಂಶಗಳು ಬೇರ್ಪಟ್ಟು 30 ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಅವುಗಳ ಸಮಾನ ಪೂರ್ವಜನಿಗೆ ಜರಡಿಯೂ ಇರಲಿಲ್ಲ, ಕೊಕ್ಕೂ ಇರಲಿಲ್ಲ. ಆದ್ದರಿಂದ "ಒಂದೇ ಜರಡಿ" ಎಂಬ ತಲೆಬರಹವನ್ನು ಓದಿದವರು ಎರಡಕ್ಕೂ ಇದು ಒಂದೇ ಮೂಲದಿಂದ ಬಂದಿದೆಯೆಂದು ತಿಳಿಯಬಾರದು. ಎರಡು ವಂಶಗಳೂ ತಮ್ಮ ಪಾಡಿಗೆ ತಾವು ಒಂದೇ ಕೆಲಸಕ್ಕಿಳಿದು ಒಂದೇ ಬಗೆಯ ರೂಪಕ್ಕೆ ಬಂದಿವೆ. ಇದನ್ನು ಒಮ್ಮುಖ ವಿಕಾಸವೆನ್ನುತ್ತೇವೆ.

ಎರಡು ಕಡೆಯೂ ಹಿಂದಿನ ಕಥೆಯ ಕುರುಹುಗಳು ಉಳಿದಿವೆ. ತಿಮಿಂಗಿಲಗಳು ನೆಲದ ಮೇಲೆ ನಡೆದಾಡುತ್ತಿದ್ದ ಗೊರಸಿನ ಪ್ರಾಣಿಗಳ ಬಳಗದಿಂದ ಬಂದವು. ಆ ಬಳಗಕ್ಕೆ ತೀರ ಹತ್ತಿರದ ಇಂಡೋಹ್ಯೂಸ್ ಎಂಬ ಪುಟ್ಟ ಪ್ರಾಣಿಯ ಪಳೆಯುಳಿಕೆಗಳು ಜಮ್ಮು-ಕಾಶ್ಮೀರದ ಕಾಲಾಕೋಟೆಯ ಕಡೆಯವು; ಭಾರತದ ಭೂವಿಜ್ಞಾನಿ ಎ. ರಂಗರಾವ್ ಅವರು ದಶಕಗಳ ಹಿಂದೆ ಸಂಗ್ರಹಿಸಿದ್ದ ಕಲ್ಲುಗಳಲ್ಲಿ ಅವು ಅಡಗಿದ್ದವು, ಅದರ ವಿವರ 2007ರಲ್ಲಿ ಪ್ರಕಟವಾಯಿತು. ಬಲೀನ್ ತಿಮಿಂಗಿಲಗಳ ಹಳೆಯ ಬಂಧುಗಳಿಗೆ ಹಲ್ಲುಗಳಿದ್ದವು. ಇಂದಿನ ಬಲೀನ್ ತಿಮಿಂಗಿಲದ ಭ್ರೂಣದಲ್ಲಿಯೂ ಹಲ್ಲಿನ ಮೊಳಕೆಗಳು ಕಾಣಿಸಿಕೊಂಡು, ಹುಟ್ಟುವ ಮೊದಲೇ ಕರಗಿಹೋಗುತ್ತವೆ. ಅದರರ್ಥ ಬಲೀನ್ ಎಂಬುದು ಹಲ್ಲು ಮಾರ್ಪಟ್ಟು ಆದದ್ದಲ್ಲ. ಹಲ್ಲು ಹೋದ ಬಾಯಿಯ ಅಂಗುಳಿನಿಂದ ಹೊಸದಾಗಿ ಇಳಿದು ಬಂದದ್ದು.

ರಾಜಹಂಸದ ಹತ್ತಿರದ ಬಂಧು ಯಾರೆಂಬುದು ನಮ್ಮವರಿಗೆ ಅಚ್ಚರಿ ತರಬಹುದು. ಕೊಕ್ಕರೆಯೂ ಅಲ್ಲ, ಬಾತುಕೋಳಿಯೂ ಅಲ್ಲ. ನಮ್ಮ ಊರಿನ ಕೆರೆಗಳಲ್ಲಿ ಮುಳುಗೇಳುವ ಗುಳುಮುಳುಕ. ಡಿ.ಎನ್.ಎ. ಅಧ್ಯಯನಗಳು ಈ ನಂಟನ್ನು ತೋರಿಸಿದಾಗ ಪಕ್ಷಿವಿಜ್ಞಾನಿಗಳೇ ಬೆರಗಾಗಿದ್ದರು. ರಾಜಹಂಸಗಳ ವಂಶಕ್ಕೆ ಹತ್ತಿರವಾದ ಪೆಲೀಲೋಡಸ್ ಎಂಬ, ಈಗ ಅಳಿದುಹೋಗಿರುವ ಹಕ್ಕಿಗೆ ಉದ್ದನೆಯ ಕಾಲುಗಳೇನೋ ಇದ್ದವು, ಕೊಕ್ಕು ಮಾತ್ರ ನೇರವಾಗಿತ್ತು. ಎಂದರೆ ಈ ವಂಶದಲ್ಲಿ ನೀರಿನಲ್ಲಿ ನಡೆದಾಡುವ ಕಾಲುಗಳು ಮೊದಲು, ಸೋಸುವ ಬಾಗು ಕೊಕ್ಕು ಆಮೇಲೆ ಬಂದಿರುವ ಸಂಭವ ಹೆಚ್ಚು.

ಐರೋಲಿ ಕನ್ನಡಿಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಮಗಳು ಎಲ್ಲವನ್ನೂ ಕುಳಿತು ಓದಿದಳು. ಈಗ ಪಟದಲ್ಲಿ ಎರಡು ಜೋಡಿಗಳನ್ನು ಬರೆಯುತ್ತೇನೆ ಎನ್ನುತ್ತಿದ್ದಾಳೆ: ಕಿರು ರಾಜಹಂಸದೊಡನೆ ಬೋಹೆಡ್, ಹಿರಿ ರಾಜಹಂಸದೊಡನೆ ಬೂದು ತಿಮಿಂಗಿಲ. ನೀರಿನ ಹರಿವನ್ನು ನೀಲಿ ಬಾಣಗಳಿಂದ ತೋರಿಸಿ, ಹಕ್ಕಿಯ ಕಡೆ ಇಮ್ಮುಖವಾಗಿಯೂ ಬೋಹೆಡ್‌ನ ಕಡೆ ಏಕಮುಖವಾಗಿಯೂ ಬರೆಯಲಿದ್ದಾಳೆ.

ಅವಳ ಎರಡು ಪ್ರಶ್ನೆಗಳು ಉಳಿದಿವೆ. ಮರಿಗಳು ಹುಟ್ಟಿದ ಕೂಡಲೇ ಸೋಸಲು ಬಲ್ಲವೇ? ಮತ್ತು ಇಷ್ಟು ಉಪ್ಪುನೀರಿನ ನಡುವೆ ಬಾಯಾಡಿಸುವ ಈ ಪ್ರಾಣಿಗಳು ದೇಹದೊಳಗೆ ಸೇರುವ ಉಪ್ಪನ್ನು ಏನು ಮಾಡುತ್ತವೆ? ಇವುಗಳಿಗೂ ಉತ್ತರ ಸಿಕ್ಕರೆ ಪಟದ ಕೆಳಭಾಗದಲ್ಲಿ ಜಾಗವಿದೆ.

ಉತ್ತರ: ಕಡಲತಡಿ, ಕಾರವಾರ

ಮಗಳ ಮೊದಲ ಪ್ರಶ್ನೆ ಬಹಳ ಒಳ್ಳೆಯದು, ಏಕೆಂದರೆ ಅಲ್ಲಿಯೂ ಒಂದು ಸಾಮ್ಯ ಅಡಗಿದೆ. ರಾಜಹಂಸದ ಮರಿ ಬೂದುಬಣ್ಣದ ತುಪ್ಪುಳಿನೊಡನೆ, ನೇರವಾದ ಗಿಡ್ಡ ಕೊಕ್ಕಿನೊಡನೆ ಹುಟ್ಟುತ್ತದೆ. ಅದರಲ್ಲಿ ಬಾಗೂ ಇಲ್ಲ, ಕೆಲಸಕ್ಕೆ ಬರುವ ಜರಡಿಯೂ ಇಲ್ಲ. ಕೊಕ್ಕು ಬಾಗಿ ಜರಡಿ ಬಲಿಯುವವರೆಗೆ, ಅಂದರೆ ಎರಡು-ಮೂರು ತಿಂಗಳ ಕಾಲ, ತಂದೆ ತಾಯಿ ಇಬ್ಬರೂ ತಮ್ಮ ಅನ್ನನಾಳದ ಮೇಲ್ಭಾಗದಲ್ಲಿ ಒಸರುವ ಕೊಬ್ಬು ಮತ್ತು ಪ್ರೋಟೀನು ತುಂಬಿದ ಕೆಂಪು ದ್ರವವನ್ನು ಮರಿಯ ಬಾಯಿಗೆ ತೊಟ್ಟಿಕ್ಕಿಸುತ್ತವೆ. ಇದನ್ನು ಹಕ್ಕಿಹಾಲೆಂದು ಕರೆಯುವುದುಂಟು. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನೇ ಇದರ ಹಿಂದೆಯೂ ಇದೆ. ಆಹಾರದಿಂದ ಬಂದ ಕೆರೋಟಿನಾಯ್ಡ್ ವರ್ಣದ್ರವ್ಯಗಳು ಆ ದ್ರವದ ಮೂಲಕ ಮರಿಗೆ ಹೋಗುತ್ತವೆ; ಮರಿಯ ಪಾಲಿಗೆ ಅಷ್ಟು ಬಣ್ಣವನ್ನು ಬಿಟ್ಟುಕೊಡುವುದರಿಂದ ಮರಿ ಸಾಕುವ ಹಕ್ಕಿಗಳ ಗುಲಾಬಿ ಬಣ್ಣ ಮಸುಕಾಗುತ್ತದೆ.

ತಿಮಿಂಗಿಲದ ಮರಿಯ ಬಲೀನ್ ಕೂಡ ಹುಟ್ಟಿದಾಗ ಗಿಡ್ಡವಾಗಿರುತ್ತದೆ. ಅದು ತಾಯಿಯ ಹಾಲಿನಿಂದಲೇ ಬೆಳೆಯುತ್ತದೆ. ಆ ಹಾಲಿನಲ್ಲಿ ಮೂರನೆಯ ಒಂದು ಭಾಗದಷ್ಟು ಇಲ್ಲವೆ ಅದಕ್ಕೂ ಹೆಚ್ಚು ಕೊಬ್ಬಿರುತ್ತದೆ. ಸೋಸಿ ತಿನ್ನುವ ಕಸುಬಿಗೆ ಬೇಕಾದ ಉಪಕರಣ ದೊಡ್ಡದಾಗಿಯೂ ನವಿರಾಗಿಯೂ ಬೆಳೆಯಬೇಕಾದ್ದರಿಂದ ಎರಡು ಕಡೆಯೂ ಮರಿಗೆ ಅಷ್ಟು ಕಾಲಾವಕಾಶವನ್ನು ಹೆತ್ತವರೇ ಒದಗಿಸುತ್ತಾರೆ. ತಿಮಿಂಗಿಲದಲ್ಲಿ ಆ ಹೊರೆ ತಾಯಿಯೊಬ್ಬಳದು, ರಾಜಹಂಸದಲ್ಲಿ ಇಬ್ಬರದೂ.

ಉಪ್ಪಿನ ವಿಷಯದಲ್ಲಿ ದಾರಿಗಳು ಬೇರೆ. ರಾಜಹಂಸದ ತಲೆಯಲ್ಲಿ ಉಪ್ಪಿನ ಗ್ರಂಥಿಗಳಿದ್ದು, ರಕ್ತದಿಂದ ಹೆಚ್ಚುವರಿ ಉಪ್ಪನ್ನು ಬೇರ್ಪಡಿಸಿ ಮೂಗಿನ ಹೊಳ್ಳೆಗಳ ಮೂಲಕ ಹೊರಹಾಕುತ್ತವೆ. ತಿಮಿಂಗಿಲಗಳಲ್ಲಿ ಅಂಥ ಗ್ರಂಥಿಯಿಲ್ಲ. ಆ ಕೆಲಸವನ್ನು ಮೂತ್ರಪಿಂಡಗಳೇ ಮಾಡಬೇಕು. ನುಂಗುವ ಮೊದಲು ನೀರನ್ನು ಆದಷ್ಟು ಹಿಂಡಿ ಹೊರಹಾಕುವುದು ಎರಡಕ್ಕೂ ಲಾಭಕರ.

ಪಟದಲ್ಲಿ ಆಹಾರದ ಪ್ರಮಾಣವನ್ನು ಬರೆಯುವುದಾದರೆ ಒಂದು ಎಚ್ಚರಿಕೆ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪೆಸಿಫಿಕ್‌ನ ನೀಲಿ ತಿಮಿಂಗಿಲ ಮೇಯುವ ದಿನಗಳಲ್ಲಿ ಸುಮಾರು 16 ಟನ್ ಕ್ರಿಲ್ ತಿನ್ನುತ್ತದೆ. ಕಿರು ರಾಜಹಂಸ ದಿನಕ್ಕೆ ಸುಮಾರು 60 ಗ್ರಾಂ ಪಾಚಿ ತಿನ್ನುತ್ತದೆಂದು ಓದಿರುತ್ತೀರಿ. ಮೊದಲನೆಯದು ಹಸಿ ತೂಕ, ಎರಡನೆಯದು ಒಣ ತೂಕ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಬರೆದು ದೇಹದ ತೂಕದೊಡನೆ ಭಾಗಿಸಿದರೆ ತಪ್ಪು ಉತ್ತರ ಬರುತ್ತದೆ.

ಉತ್ತರ: ನೀರಿನ ಲೆಕ್ಕ

ಅಳತೆಯ ಮಾತು ಬಂದದ್ದರಿಂದ ಚಿತ್ರಕ್ಕೆ ಸಂಬಂಧಿಸಿದ ಒಂದು ಸಲಹೆ. ಎರಡು ತಲೆಗಳನ್ನು ಒಂದೇ ಗಾತ್ರಕ್ಕೆ ಬರೆದರೆ ಜರಡಿಗಳೂ ಅದೇ ಅನುಪಾತದಲ್ಲಿ ಹಿಗ್ಗಿ ಕುಗ್ಗುತ್ತವೆಂದು ನೋಡುವವರು ಭಾವಿಸುತ್ತಾರೆ. ನಿಜದಲ್ಲಿ ಬೋಹೆಡ್‌ನ ತಲೆ ರಾಜಹಂಸದ ತಲೆಗಿಂತ ಹತ್ತಾರು ಪಟ್ಟು ಉದ್ದವಾಗಿದ್ದರೂ ಅದು ಹಿಡಿಯುವ ಕೋಪೆಪಾಡ್ ಕೆಲವೇ ಮಿಲಿಮೀಟರಿನದು; ಹಿರಿ ರಾಜಹಂಸ ಹಿಡಿಯುವ ಉಪ್ಪುನೀರಿನ ಸೀಗಡಿ ಒಂದು ಸೆಂಟಿಮೀಟರಿನಷ್ಟು ಉದ್ದವಿರುತ್ತದೆ. ಆಹಾರದ ಗಾತ್ರವನ್ನೇ ಅಳತೆಗೋಲಾಗಿಟ್ಟರೆ ತಿಮಿಂಗಿಲದ್ದೇ ನವಿರಾದ ಕೆಲಸ. ಆದ್ದರಿಂದ ತಲೆಗಳ ಚಿತ್ರದ ಕೆಳಗೆ ನಾಲ್ಕು ಪ್ರಾಣಿಗಳ ಆಹಾರವನ್ನೂ ಒಂದೇ ಅಳತೆಗೆ ಹಿಗ್ಗಿಸಿ, ಪಾಚಿಯ ಎಳೆ, ಕೋಪೆಪಾಡ್, ಆಂಫಿಪಾಡ್, ಸೀಗಡಿ ಎಂದು ಸಾಲಾಗಿ ಬರೆಯಲಿ. ಖಾಡಿಯ ಅಂಚಿನಿಂದ ಒಂದು ಲೋಟ ನೀರನ್ನು ತಂದು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರಲ್ಲಿ ಪಾಚಿಯೂ ಕೋಪೆಪಾಡ್‌ಗಳೂ ಸಿಗುವ ಸಂಭವವಿದೆ. ಆ ಎರಡು ಚಿತ್ರಗಳನ್ನಾದರೂ ಅವಳು ಪುಸ್ತಕ ನೋಡದೆ, ಕಂಡದ್ದನ್ನೇ ನೋಡಿ ಬರೆಯಬಹುದು.